ಸೊನ್ನೆ ಬಿಲ್ಲು

ಕರೆಂಟ್ ಬಿಲ್ ಬಂತು. ಕಟ್ಟಬೇಕಾದ ಮೊತ್ತ ಸೊನ್ನೆ.

ಅಮ್ಮ ಆ ಸೊನ್ನೆಯ ಕಡೆ ನೋಡಲೇ ಇಲ್ಲ. ಕನ್ನಡಕ ಏರಿಸಿ ಹುಡುಕಿದ್ದು ಯೂನಿಟ್ ಎಷ್ಟಾಗಿದೆ ಎಂದು. "ಹೋದ ತಿಂಗಳಿಗಿಂತ ಜಾಸ್ತಿಯಾಗಿದೆ. ರಾತ್ರಿಯೆಲ್ಲ ಕೂಲರ್ ಹಾಕಿಕೊಂಡು ಮಲಗಿದವರು ಯಾರು?"

ಯಾರೆಂದು ಅವರಿಗೆ ಚೆನ್ನಾಗಿ ಗೊತ್ತು. ದಾವಣಗೆರೆಯ ಏಪ್ರಿಲ್‌ನಲ್ಲಿ ಕೂಲರ್ ಇಲ್ಲದೆ ನಿದ್ದೆ ಮಾಡುವವರು ಋಷಿಗಳೇ ಇರಬೇಕು.

2023ರಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಶುರುವಾದಾಗಿನಿಂದ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಒಂದೇ ಮಾತು ಕೇಳುತ್ತಿದ್ದೇನೆ: ಬಿಟ್ಟಿ ಸಿಕ್ಕರೆ ಜನ ಹಗಲಲ್ಲೂ ದೀಪ ಉರಿಸುತ್ತಾರೆ. ಹಾಗೆನ್ನುವವರು ನಮ್ಮ ಮನೆಗೆ ಬಂದು ಐದು ನಿಮಿಷ ಫ್ಯಾನ್ ಹಾಕಿ ನೋಡಲಿ. ಕೋಣೆಯಿಂದ ಹೊರಗೆ ಕಾಲಿಡುವ ಮೊದಲೇ ಸ್ವಿಚ್ ಆರಿರುತ್ತದೆ.

200 ಯೂನಿಟ್ ಎಲ್ಲರಿಗೂ ಉಚಿತ ಎಂದುಕೊಂಡವರೇ ಹೆಚ್ಚು. ಅಲ್ಲ. ಹಳೆಯ ಬಳಕೆಯ ಸರಾಸರಿಗೆ ಶೇ 10ರಷ್ಟು ಸೇರಿಸಿ ಮನೆಮನೆಗೂ ಬೇರೆ ಬೇರೆ ಮಿತಿ ಹಾಕಿದರು. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಅಂದರೆ ವರ್ಷಗಟ್ಟಲೆ ಸ್ವಿಚ್ ಆರಿಸುತ್ತಾ ಓಡಾಡಿದ ಅಮ್ಮನಿಗೆ ಪುಟ್ಟ ಮಿತಿ, ಧಾರಾಳವಾಗಿ ಉರಿಸಿದ ಮನೆಗೆ ದೊಡ್ಡದು!

ಯೋಜನೆಯ ಬಗ್ಗೆ ನನ್ನ ತಕರಾರಿಲ್ಲ, ಬಾಡಿಗೆ ಮನೆಯವರಿಗೂ ಸಿಕ್ಕಿತಲ್ಲ ಎಂಬ ಸಂತೋಷವೇ ಇದೆ. ಈ ಲೆಕ್ಕ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ.

ನಿಮ್ಮ ಮನೆಯ ಮಿತಿ ಎಷ್ಟಿದೆ, ಬಿಲ್ಲಿನಲ್ಲಿ ಯಾವತ್ತಾದರೂ ನೋಡಿದ್ದೀರಾ?