ಲೆಕ್ಕ ಇಲ್ಲದ ರಜೆ ನಂಗೆ ಬೇಡ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಫರ್ ಲೆಟರ್ ಬಂದ್ರೆ ನಮ್ಮವರು ಮೊದ್ಲು ನೋಡೋದು ಬೇಸ್ ಸಂಬಳ ಎಷ್ಟು, ಆಮೇಲೆ ಸ್ಟಾಕ್ ಎಷ್ಟು, ಆಮೇಲೆ ಗ್ರೀನ್ ಕಾರ್ಡ್ ಯಾವಾಗ ಶುರು ಮಾಡ್ತಾರೆ. ರಜೆ ವಿಷಯ ಎಲ್ಲೋ ಕೊನೇಲಿ ಇರತ್ತೆ, ಅಲ್ಲಿ ಅನ್‌ಲಿಮಿಟೆಡ್ ಅಂತ, ಅಂದ್ರೆ ವರ್ಷಕ್ಕೆ ಇಷ್ಟೇ ದಿನ ಅನ್ನೋ ಲೆಕ್ಕ ಇಲ್ಲ, ಬೇಕಾದಾಗ ಕೇಳಿ ತಗೊಳ್ಳಿ ಅಂತ ಕಂಡ್ರೆ ಖುಷಿಯಾಗಿ ಸೈನ್ ಹಾಕಿಬಿಡ್ತಾರೆ. ನನ್ನ ಹತ್ರ ಕೇಳೋ ಹುಡುಗ ಹುಡುಗೀರಿಗೆಲ್ಲ ನಾನು ಹೇಳೋದು ಒಂದೇ, ಸಂಬಳ ಹೆಚ್ಚುಕಮ್ಮಿ ಅಷ್ಟೇ ಇದ್ದು ಇನ್ನೊಂದು ಕಂಪನಿ ವರ್ಷಕ್ಕೆ 20 ದಿನ ಅಂತ ಬರ್ಕೊಟ್ಟಿದ್ರೆ ಕಣ್ಮುಚ್ಕೊಂಡು ಅಲ್ಲಿಗೆ ಹೋಗಿ, ಯಾಕಂದ್ರೆ ಆ 20 ದಿನ ನಿಮ್ಮದು.

ನಿಮ್ಮದು ಅಂತ ಸುಮ್ನೆ ಹೇಳ್ತಿಲ್ಲ. ಅಮೆರಿಕದ ಫೆಡರಲ್ ಕಾನೂನಲ್ಲಿ ಸಂಬಳದ ರಜೆ ಒಂದು ದಿನ ಕೂಡ ಕಡ್ಡಾಯ ಇಲ್ಲ, ಆದ್ರೆ ಕಂಪನಿ ಇಷ್ಟು ದಿನ ಕೊಡ್ತೀನಿ ಅಂತ ಒಮ್ಮೆ ಹೇಳಿದ್ರೆ ಕ್ಯಾಲಿಫೋರ್ನಿಯಾದಲ್ಲಿ ಅದು ಸಂಬಳಕ್ಕೆ ಸಮ. 1982ರಲ್ಲೇ ಈ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ಕೆಲಸ ಮಾಡಿದ ಹಾಗೆಲ್ಲ ರಜೆನೂ ದಿನಾ ಸ್ವಲ್ಪ ಸ್ವಲ್ಪ ನಿಮ್ಮ ಹೆಸರಿಗೆ ಸೇರ್ಕೊಳ್ಳತ್ತೆ, ವರ್ಷ ಮುಗೀತು ಅಂತ ಅದನ್ನ ಲ್ಯಾಪ್ಸ್ ಮಾಡೋ ಹಾಗಿಲ್ಲ, ನೀವೇ ಕೆಲಸ ಬಿಟ್ರೂ ಅವರೇ ತೆಗೆದ್ರೂ ಉಳಿದ ದಿನಕ್ಕೆ ಕೊನೇ ಸಂಬಳದ ರೇಟಲ್ಲಿ ದುಡ್ಡು ಕೊಡ್ಲೇಬೇಕು. ಕಂಪನಿ ಲೆಕ್ಕದಲ್ಲಿ ಇದು ಸಾಲ. ಸಾವಿರಾರು ಜನರ ಉಳಿದ ರಜೆ ಅಂದ್ರೆ ಎಷ್ಟು ದೊಡ್ಡ ಮೊತ್ತ ಆಗತ್ತೆ ಯೋಚನೆ ಮಾಡಿ. ಅನ್‌ಲಿಮಿಟೆಡ್ ಅಂದ ತಕ್ಷಣ ಬ್ಯಾಲೆನ್ಸೇ ಇರಲ್ಲ, ಸಾಲನೂ ಇರಲ್ಲ.

2014ರಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ನಡೆಸ್ತಿದ್ದ ಟ್ರಿಬ್ಯೂನ್ ಪಬ್ಲಿಷಿಂಗ್ ಇದೇ ಪದ್ಧತಿ ತರೋಕೆ ಹೊರಟಾಗ, ಇಷ್ಟು ವರ್ಷ ಕೂಡಿಟ್ಟ ರಜೆ ಏನಾಗತ್ತೆ ಅಂತ ನೌಕರರು ತಿರುಗಿಬಿದ್ರು, ಕಂಪನಿ ಕೆಲವೇ ದಿನದಲ್ಲಿ ವಾಪಸ್ ತಗೊಳ್ತು. ಮೈಕ್ರೋಸಾಫ್ಟ್ 2023ರ ಜನವರಿಲಿ ಅಮೆರಿಕದ ಸಂಬಳದಾರರಿಗೆ ಇದನ್ನ ತಂದಾಗ ಉಳಿದಿದ್ದ ರಜೆಗೆ ದುಡ್ಡು ಕೊಡ್ತೀವಿ ಅಂತ ಮೊದ್ಲೇ ಹೇಳಿತ್ತು, ಅದು ಸರಿಯಾದ ಕ್ರಮ. ಬೇರೆ ದೇಶದ ನೌಕರರನ್ನ ಅದ್ರಲ್ಲಿ ಸೇರಿಸ್ಲಿಲ್ಲ, ಅಲ್ಲಲ್ಲಿನ ಕಾನೂನು ಬೇರೆ ಅನ್ನೋ ಕಾರಣಕ್ಕೆ.

ವೀಸಾ ಮೇಲೆ ಇರೋರಿಗೆ ಇದರ ಪೆಟ್ಟು ಇನ್ನೂ ಜೋರು. ಹಾಸನದ ಕಡೆ ನನ್ನ ಗೆಳೆಯ ಒಬ್ಬ, ಕಂಪನಿ ಮೂಲಕ ಸಿಗೋ ಕೆಲಸದ ವೀಸಾ ಎಚ್‌1ಬಿ. ಬೆಳಿಗ್ಗೆ ಮ್ಯಾನೇಜರ್ ಹೆಸರಲ್ಲಿ ಹದಿನೈದು ನಿಮಿಷದ ಮೀಟಿಂಗ್ ಬಂತು, ಕಾಲ್ ಮುಗಿಯೋಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್. ಕೆಲಸ ಹೋದ ದಿನದಿಂದ ಹೆಚ್ಚು ಅಂದ್ರೆ 60 ದಿನ, ಅಷ್ಟರೊಳಗೆ ಇನ್ನೊಂದು ಕಂಪನಿ ಅವನ ವೀಸಾಗೆ ಪಿಟಿಷನ್ ಹಾಕ್ಬೇಕು, ಇಲ್ಲಾಂದ್ರೆ ಬೇರೆ ವೀಸಾ ಸ್ಟೇಟಸ್‌ಗೆ ಹೋಗ್ಬೇಕು, ಅದೂ ಆಗ್ಲಿಲ್ಲ ಅಂದ್ರೆ ಮಗು ಸ್ಕೂಲು, ಮನೆ ಲೀಸು, ಕಾರ್ ಲೋನು ಎಲ್ಲಾ ಬಿಟ್ಟು ಹೊರಡ್ಬೇಕು. ಅವನ ಕೊನೇ ಪೇಸ್ಲಿಪ್ ನೋಡ್ದೆ, ರಜೆ ಅನ್ನೋ ಲೈನೇ ಇರ್ಲಿಲ್ಲ. ಎರಡು ವರ್ಷದಿಂದ ಊರಿಗೆ ಹೋಗಿರ್ಲಿಲ್ಲ ಅವನು, ಸಾಫ್ಟ್‌ವೇರ್ ರಿಲೀಸ್ ಮುಗೀಲಿ ರಿಲೀಸ್ ಮುಗೀಲಿ ಅಂತ. ಲೆಕ್ಕ ಇಡೋ ಕಂಪನಿಯಲ್ಲಿ ಇದ್ದಿದ್ರೆ ಆ ತಗೊಳ್ದೇ ಇದ್ದ ರಜೆಯೆಲ್ಲ ಅವತ್ತು ಬಾಡಿಗೆಗೆ ಆಗ್ತಿತ್ತು. ನಂಗೆ ಈ ಪಾಲಿಸಿ ಮೇಲೆ ಸಿಟ್ಟು ಬಂದಿದ್ದು ಅವತ್ತೇ.

ಇರೋವಾಗ ತಗೊಳ್ಳಕ್ಕಾದ್ರೂ ಆಗತ್ತಾ ಅಂದ್ರೆ ಅದೂ ಕಷ್ಟ. ಊರಿಗೆ ಹೋಗೋದು ಅಂದ್ರೆ ವೀಕೆಂಡ್ ಟ್ರಿಪ್ ಅಲ್ವಲ್ಲ, ಹೋಗ್ತಾ ಬರ್ತಾ ದಾರೀಲೇ ಮೂರ್ನಾಕು ದಿನ ಕಳ್ದೋಗತ್ತೆ, ಜೆಟ್‌ಲ್ಯಾಗ್ ಬೇರೆ, ಟಿಕೆಟ್ ರೇಟ್ ನೋಡಿದ್ರೆ ನಾಲ್ಕು ವಾರ ಇಲ್ದೇ ಹೋಗೋಕೆ ಮನಸ್ಸೇ ಬರಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಅನ್‌ಲಿಮಿಟೆಡ್ ಇತ್ತು, ಆದ್ರೆ ಒಟ್ಟಿಗೆ ಎರಡು ವಾರ ದಾಟಿದ್ರೆ ಡೈರೆಕ್ಟರ್ ಅಪ್ರೂವಲ್ ಬೇಕು. ರಜೆ ಹಾಕೋ ಟೂಲಲ್ಲಿ ಬ್ಯಾಲೆನ್ಸ್ ಇರೋ ಜಾಗದಲ್ಲಿ ಒಂದು ಗೀಟು. ಟೀಮ್ ಕ್ಯಾಲೆಂಡರ್ ತೆಗೆದು ನೋಡಿದ್ರೆ ಯಾರೂ ಒಂದು ವಾರಕ್ಕಿಂತ ಜಾಸ್ತಿ ತಗೊಂಡಿಲ್ಲ, ಅದನ್ನ ನೋಡ್ತಾ ನಾಲ್ಕು ವಾರ ಅಂತ ಟೈಪ್ ಮಾಡೋಕೆ ಕೈ ಬರಲ್ಲ ರೀ. ನಂಬರ್ ಇದ್ರೆ ಅದು ಹಕ್ಕು, ನಂಬರ್ ಇಲ್ಲ ಅಂದ್ರೆ ಪ್ರತಿ ಸಲ ಕೇಳ್ಕೋಬೇಕು.

ನಮ್ಮಪ್ಪ ರಾಜ್ಯ ಸರ್ಕಾರದ ನೌಕರರಾಗಿದ್ರು, ಅವರಿಗೆ ಇಎಲ್ (ಗಳಿಕೆ ರಜೆ) ಅಂದ್ರೆ ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ವರ್ಷಕ್ಕೆ 30 ದಿನ, ಬೇಕಾದ್ರೆ 15 ದಿನ ಸರೆಂಡರ್ ಮಾಡಿ ದುಡ್ಡು ತಗೋಬಹುದು, ರಿಟೈರ್ ಆಗೋವಾಗ 300 ದಿನದವರೆಗೂ ನಗದೀಕರಣ. ನಮ್ಮನೆ ಮಹಡಿ ಎದ್ದಿದ್ದು ಆ ದುಡ್ಡಲ್ಲೇ. ಬೆಂಗಳೂರಿನ ಐಟಿಯವರಿಗೂ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ. ಅಲ್ಲಿ ಯಾವ ಕಂಪನಿ ಅನ್‌ಲಿಮಿಟೆಡ್ ಅಂತ ಬೋರ್ಡ್ ಹಾಕ್ಕೊಂಡ್ರೂ ಈ ಲೆಕ್ಕ ತಪ್ಪಲ್ಲ, ಎಚ್‌ಆರ್ ಹತ್ರ ಧೈರ್ಯವಾಗಿ ಕೇಳಿ.

ಈ ಪದ್ಧತಿ ಎಲ್ಲಾ ಕಡೆ ಕೆಟ್ಟದಾಗೇ ನಡೀತಿದೆ ಅಂತ ನಾನು ಹೇಳಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ರೀಡ್ ಹೇಸ್ಟಿಂಗ್ಸ್ ಬಾಸ್ ಆಗಿದ್ದಾಗ ತಾವೇ ವರ್ಷಕ್ಕೆ ಆರು ವಾರ ರಜೆ ತಗೊಂಡು ಅದನ್ನ ಎಲ್ಲರಿಗೂ ಹೇಳ್ತಿದ್ರು, ಮೇಲಿನೋರು ತಗೊಂಡ್ರೆ ತಾನೇ ಕೆಳಗಿನೋರಿಗೆ ಧೈರ್ಯ. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕ್ 2022ರಲ್ಲಿ ದೊಡ್ಡ ಹುದ್ದೆಯವರಿಗೆ ರಜೆ ಮಿತಿ ತೆಗೆದಾಗ, ಎಲ್ಲರೂ ವರ್ಷಕ್ಕೆ ಕನಿಷ್ಠ 15 ದಿನ ತಗೊಳ್ಲೇಬೇಕು ಅಂತನೂ ಸೇರಿಸ್ತು. ಕಿಕ್‌ಸ್ಟಾರ್ಟರ್ ಅನ್ನೋ, ಜನರಿಂದ ದುಡ್ಡು ಕೂಡಿಸೋ ವೆಬ್‌ಸೈಟ್ ಕಂಪನಿ ಅಂತೂ 2015ರಲ್ಲಿ ಅನ್‌ಲಿಮಿಟೆಡ್ ಬಿಟ್ಟು 25 ದಿನ ಅಂತ ಗೆರೆ ಹಾಕ್ತು, ನಂಗೆ ಅತಿ ಇಷ್ಟ ಆಗಿದ್ದು ಇದೇ.

ಅದಕ್ಕೇ ಸೈನ್ ಹಾಕೋ ಮುಂಚೆ ರಿಕ್ರೂಟರ್‌ಗೆ ಕೇಳಿ, ಕನಿಷ್ಠ ಎಷ್ಟು ದಿನ ತಗೊಳ್ಲೇಬೇಕು ಅಂತ ನಿಯಮ ಇದೆಯಾ, ನಾನು ಸೇರೋ ಟೀಮಲ್ಲಿ ಹೋದ ವರ್ಷ ಜನ ಎಷ್ಟು ತಗೊಂಡ್ರು, ಒಟ್ಟಿಗೆ ನಾಲ್ಕು ವಾರ ಹೋಗ್ಬೇಕು ಅಂದ್ರೆ ಯಾರು ಒಪ್ಪಬೇಕು. ಉತ್ತರ ಈಮೇಲಲ್ಲೇ ಬರ್ಲಿ. ಆ ಈಮೇಲ್ ತೆಗೆದಿಟ್ಕೊಳ್ಳಿ, ಯಾಕಂದ್ರೆ 2020ರಲ್ಲಿ ಇಲ್ಲಿನ ಅಪೀಲ್ ಕೋರ್ಟ್ ಒಂದು ಕೇಸಲ್ಲಿ ಹೇಳಿದೆ, ಪಾಲಿಸಿ ಬರವಣಿಗೆಯಲ್ಲಿ ಇಲ್ದೇ, ಬಾಯಲ್ಲಿ ಮಿತಿ ಇಲ್ಲ ಅಂತ ಹೇಳಿ ನಡೆಸೋದ್ರಲ್ಲಿ ಎರಡರಿಂದ ನಾಲ್ಕು ವಾರದ ಮಿತಿ ಇಟ್ಟಿದ್ರೆ, ಅದು ಗಳಿಸಿದ ರಜೆನೇ, ಕೆಲಸ ಬಿಡೋವಾಗ ದುಡ್ಡು ಕೊಡ್ಬೇಕು ಅಂತ.