ಗುಮ್ಮಟವೇ ಇಲ್ಲದ ಬೋಲ್ನಿಸಿ ಸಿಯೋನಿ

ಜಾರ್ಜಿಯಾ ದೇಶದ ಫೋಟೋ ಅಂದ್ರೆ ಬೆಟ್ಟದ ತುದಿಯಲ್ಲೊಂದು ಚರ್ಚು, ಅದಕ್ಕೆ ಎತ್ತರದ ಕತ್ತು, ಮೇಲೆ ಚೂಪು ಟೋಪಿಯಂಥ ಗುಮ್ಮಟ. ಚೆನ್ನಾಗಿಯೇ ಇರುತ್ತವೆ. ಆದರೆ ಒಂದಾದ ಮೇಲೊಂದು ಅದನ್ನೇ ನೋಡಿದರೆ ಯಾವುದು ಯಾವ ಊರಿನದು ಅಂತ ಮರೆತುಹೋಗುತ್ತದೆ. ಬೋಲ್ನಿಸಿ ಸಿಯೋನಿ ಅನ್ನುವ ಚರ್ಚು ಮಾತ್ರ ಮರೆಯಲಿಲ್ಲ.

ರಾಜಧಾನಿ ಟಿಬಿಲಿಸಿಯಿಂದ ದಕ್ಷಿಣಕ್ಕೆ ಬೋಲ್ನಿಸಿ ಪಟ್ಟಣದವರೆಗೆ ಮಿನಿ ವ್ಯಾನ್, ಇಲ್ಲಿನವರು ಮಾರ್ಶ್ರುಟ್ಕಾ ಅನ್ನುತ್ತಾರೆ. ಅಲ್ಲಿಂದ ಚರ್ಚಿರುವ ಹಳ್ಳಿಗೆ ಟ್ಯಾಕ್ಸಿ. ಇಳಿದರೆ ಎದುರಿಗೆ ಉದ್ದನೆಯ, ತಗ್ಗಾದ, ದಪ್ಪ ಗೋಡೆಯ ಕಟ್ಟಡ. ಗುಮ್ಮಟ ಇಲ್ಲ. ಪಕ್ಕದಲ್ಲಿರುವ ಗಂಟೆ ಗೋಪುರ 17ನೇ ಶತಮಾನದ್ದು, ಚರ್ಚಿನ ಮುಂದೆ ಅದು ತೀರಾ ಈಚಿನದು. ಯಾಕಂದ್ರೆ ಈ ಚರ್ಚಿನ ಕೆಲಸ ಶುರುವಾಗಿದ್ದು 478ರ ಸುಮಾರಿಗೆ, ಮುಗಿದಿದ್ದು 493ರ ಸುಮಾರಿಗೆ. ಜಾರ್ಜಿಯಾದಲ್ಲಿ ಕಟ್ಟಿದ ಕಾಲ ಖಚಿತವಾಗಿ ಗೊತ್ತಿರುವ ಚರ್ಚುಗಳಲ್ಲಿ ಇದೇ ಅತಿ ಹಳೆಯದು. ಆ ಚೂಪು ಟೋಪಿಯ ಶೈಲಿ ಗಟ್ಟಿಯಾಗಿ ನೆಲೆಯೂರಿದ್ದೇ ಇದಾದ ಮೇಲೆ.

ಒಳಗೆ ಕಾಲಿಟ್ಟರೆ ಮೊದಲು ಕತ್ತಲೆ. ಕಿಟಕಿಗಳು ಕಮ್ಮಿ. ಕಣ್ಣು ಹೊಂದಿಕೊಂಡ ಮೇಲೆ ಎರಡು ಸಾಲು ಕಂಬಗಳು ಕಾಣುತ್ತವೆ, ಒಂದೊಂದೂ ಶಿಲುಬೆಯಾಕಾರದ ದಪ್ಪ ಕಂಬ, ನಡುವೆ ಅಗಲದ ಅಂಕಣ, ಆಚೀಚೆ ಸಣ್ಣವು, ಕಮಾನುಗಳು ಕುದುರೆ ಲಾಳದ ಹಾಗೆ ಕೆಳಗೆ ಬರುತ್ತಾ ಸ್ವಲ್ಪ ಒಳಕ್ಕೆ ಬಾಗಿವೆ. ಸ್ಥಳೀಯ ಟಫ್ ಕಲ್ಲು, ಅಂದ್ರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು, ಹಸಿರು ಬೆರೆತ ಬಣ್ಣ. ಕೂರಲು ಬೆಂಚಿಲ್ಲ, ಇಲ್ಲಿ ಪೂಜೆ ನಿಂತೇ ನಡೆಯುತ್ತದೆ. ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕು, ಒಂದು ಶಾಲು ಇಟ್ಟುಕೊಂಡು ಹೋಗಿ.

ಕೆತ್ತನೆ ಜಾಸ್ತಿ ಇಲ್ಲ, ಇರುವುದೆಲ್ಲ ವಿಚಿತ್ರ. ಒಂದು ಕಡೆ ನಮ್ಮನ್ನೇ ನೇರವಾಗಿ ನೋಡುವ ಗೂಳಿಯ ತಲೆ, ಎರಡು ಕೊಂಬಿನ ನಡುವೆ ಶಿಲುಬೆ! ಆಗ ಸಸಾನಿಯನ್ ಮನೆತನ ಆಳುತ್ತಿದ್ದ ಪರ್ಷಿಯಾದ (ಈಗಿನ ಇರಾನ್) ಕಲೆಯ ಗಾಳಿ ಬೀಸಿರುವುದು ನೋಡಿದ ಕೂಡಲೇ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಮಜಾ ಅನಿಸಿದ್ದು ಉತ್ತರದ ಬಾಗಿಲ ಮೇಲಿನ ಶಾಸನ. ಪೆರೋಜ್ ದೊರೆಯ 20ನೇ ವರ್ಷದಲ್ಲಿ ಕೆಲಸ ಶುರುವಾಯಿತು, 15 ವರ್ಷಕ್ಕೆ ಮುಗಿಯಿತು, ಕಟ್ಟಿಸಿದ ಬಿಷಪ್ ಡೇವಿಡ್‌ಗಾಗಿ ಪ್ರಾರ್ಥಿಸಿದವರಿಗೆ ದೇವರ ಕರುಣೆ ಇರಲಿ, ಹೀಗೆ ಸಾಗುತ್ತದೆ. ಇಂಥ ರಾಜನ ಇಷ್ಟನೇ ವರ್ಷ ಅಂತ ಕಾಲ ಹೇಳುವುದು ಶಾಸನ ಓದುವ ಕನ್ನಡಿಗರಿಗೆ ಹೊಸದೇನಲ್ಲ. ಆದರೆ ಈ ಪೆರೋಜ್ ಯಾರು? ಆಗ ಈ ನಾಡಿನ ಮೇಲೆ ಹಿಡಿತವಿದ್ದ ಪರ್ಷಿಯಾದ ಚಕ್ರವರ್ತಿ, ಅಗ್ನಿಯನ್ನು ಪೂಜಿಸುವ ಜರತುಷ್ಟ್ರ ಧರ್ಮದವನು! ಆಗ ಇಲ್ಲಿನ ಸ್ವಂತ ರಾಜ ವಖ್ತಾಂಗ್ ಗೊರ್ಗಸಾಲಿ, ಟಿಬಿಲಿಸಿ ಊರು ಕಟ್ಟಿದವನು ಅಂತ ಎಲ್ಲರೂ ಕೊಂಡಾಡುವವನು. ಅವನ ಹೆಸರೇ ಶಾಸನದಲ್ಲಿ ಇಲ್ಲ. ಬಿಷಪ್ ಲೆಕ್ಕಾಚಾರದ ಮನುಷ್ಯನೇ ಇರಬೇಕು, ಅಲ್ವಾ? ತಮಾಷೆ ಏನಂದ್ರೆ ಪೆರೋಜ್ 484ರಲ್ಲೇ ಮಧ್ಯ ಏಷ್ಯಾದ ಶ್ವೇತ ಹೂಣರ ಜೊತೆಗಿನ ಯುದ್ಧದಲ್ಲಿ ಸತ್ತ, ಚರ್ಚು ಮುಗಿಯುವ ಹೊತ್ತಿಗೆ ಅವನ ಹಂಗು ಯಾರಿಗೂ ಇರಲಿಲ್ಲ. ಆದರೂ ಹೆಸರು ಹಾಕಿದರು.

ಅಂದ ಹಾಗೆ ಈಗ ಬಾಗಿಲ ಮೇಲಿರುವುದು ನಕಲು, ಅಸಲಿ ಕಲ್ಲು ಟಿಬಿಲಿಸಿಯ ಮ್ಯೂಸಿಯಂನಲ್ಲಿದೆ. ಪೂರ್ವದ ಗೋಡೆಯನ್ನೂ ತಪ್ಪದೆ ನೋಡಿ. ಅಲ್ಲಿ ವೃತ್ತದೊಳಗೆ ಅಂಚು ಅಗಲಿಸಿದ ಶಿಲುಬೆ ಇದೆ. ಬೋಲ್ನಿಸಿ ಶಿಲುಬೆ ಅಂತಲೇ ಅದಕ್ಕೆ ಹೆಸರು, 2004ರಿಂದ ದೇಶದ ಬಾವುಟದ ನಾಲ್ಕು ಮೂಲೆಯಲ್ಲಿರುವ ಸಣ್ಣ ಶಿಲುಬೆಗಳಿಗೂ ಇದೇ ಆಕಾರ.