ಮೆಥಡಿಸ್ಟ್ ಮನೆಯಲ್ಲೊಬ್ಬ ಲೂಥರನ್

ಶುಭ ಶುಕ್ರವಾರ ಬಂತೆಂದರೆ ಬೆಳಗಾವಿಯ ಚರ್ಚುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಧ್ಯಾಹ್ನ 12ರಿಂದ 3ರವರೆಗೆ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಪ್ರಸಂಗ. ವರ್ಷವಿಡೀ ಮುಖ ತೋರಿಸದವರೂ ಅವತ್ತು ಬರುತ್ತಾರೆ. ಹಿಂದಿನ ಸಂಜೆಗೆ ಅಷ್ಟು ಜನ ಇರುವುದಿಲ್ಲ. ನನಗೆ ಆ ಗುರುವಾರದ ಸಂಜೆಯೇ ಜಾಸ್ತಿ ಇಷ್ಟ. ಯೇಸು ಶಿಷ್ಯರ ಜೊತೆ ಕೊನೆಯ ಸಲ ಊಟಕ್ಕೆ ಕೂತ ರಾತ್ರಿ ಅದು. ರೊಟ್ಟಿ ಮುರಿದು ಕೊಟ್ಟ ಅಂತ ಓದಿದಾಗ ಚಿಕ್ಕವನಿದ್ದ ನನ್ನ ಕಣ್ಣಿಗೆ ಬರುತ್ತಿದ್ದದ್ದು ಕಟಕಟ ಅನ್ನುವ ಜೋಳದ ರೊಟ್ಟಿಯೇ. ಈಗಲೂ ಒಮ್ಮೊಮ್ಮೆ ಬರುತ್ತದೆ.

ನಮ್ಮದು ಮೆಥಡಿಸ್ಟ್ ಮನೆ, ಅಂದರೆ ಇಂಗ್ಲೆಂಡಿನ ಜಾನ್ ವೆಸ್ಲಿಯವರ ಹಾದಿಯ ಪ್ರೊಟೆಸ್ಟಂಟರು. 1820ರಲ್ಲಿ ಬೆಳಗಾವಿಗೆ ಬಂದದ್ದು ಲಂಡನ್ ಮಿಷನ್. ಮುಂದೆ ಅವರ ಕೆಲಸವನ್ನು ಅಮೆರಿಕದ ಮೆಥಡಿಸ್ಟರು ವಹಿಸಿಕೊಂಡರು. ನಾನು ಲೂಥರನ್, ಅಂದರೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರರ ಹಾದಿಯವನು, ಆದದ್ದು ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದಾಗ. ಮತ್ತೆ ದೀಕ್ಷಾಸ್ನಾನ ಏನೂ ಮಾಡಿಸಲಿಲ್ಲ. ಕೂಸಿದ್ದಾಗ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಹಾಕಿದ ನೀರು ಲೂಥರನರ ಲೆಕ್ಕಕ್ಕೂ ಬರುತ್ತದೆ. ಪ್ರಶ್ನೋತ್ತರದ ಪುಸ್ತಕ ಓದಿಸಿದರು, ಸಭೆಯ ಮುಂದೆ ನಿಲ್ಲಿಸಿ ಕೇಳಿದರು, ಅಷ್ಟೇ. ಊರಲ್ಲಿ ನೆಂಟರು ಇದ್ಯಾವ ಹೊಸ ಪಂಥ ಅಂದರು. ಹೊಸದೆಲ್ಲಿ ಬಂತು? ಭಾರತಕ್ಕೆ ಬಂದ ಮೊದಲ ಪ್ರೊಟೆಸ್ಟಂಟ್ ಮಿಷನರಿಗಳೇ ಲೂಥರನರು. 1706ರಲ್ಲೇ ತಮಿಳುನಾಡಿನ ತರಂಗಂಬಾಡಿಯಲ್ಲಿ ಹಡಗಿನಿಂದ ಇಳಿದಿದ್ದರು.

ಯಾರ ಜೊತೆಗೂ ಜಗಳವಾಡಿ ಹೋದದ್ದಲ್ಲ. ನಮ್ಮ ಮೆಥಡಿಸ್ಟರಲ್ಲಿ ಹೃದಯದ ಮಾತು ಜಾಸ್ತಿ. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಜಾನ್ ವೆಸ್ಲಿಯವರ ಹೃದಯ ಬೆಚ್ಚಗಾಯಿತು. ಸಂಡೇ ಸ್ಕೂಲಿನಿಂದ ಬಾಯಿಪಾಠವಾದ ಕಥೆ. ಕೇಳಿದಾಗಲೆಲ್ಲ ನನ್ನ ಎದೆಯನ್ನೇ ನೋಡಿಕೊಳ್ಳುತ್ತಿದ್ದೆ: ನನಗೂ ಬೆಚ್ಚಗಾಗಿದೆಯಾ? ಭಕ್ತಿಯನ್ನು ಬಡಿದೆಬ್ಬಿಸುವ ಉಜ್ಜೀವನ ಕೂಟದಲ್ಲಿ ಆಗುತ್ತಿತ್ತು. ಸೋಮವಾರಕ್ಕೆ ಆರಿ ತಣ್ಣಗಾಗುತ್ತಿತ್ತು. ಆ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಮುಂಚೆ ‘ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ’ ಅಂದರೆ ಮುಗೀತು, ಆ ಪರೀಕ್ಷೆಯಲ್ಲಿ ನಾನು ಪಾಸಾದ ನೆನಪೇ ಇಲ್ಲ.

ಆ ಸಂಜೆ ಕೂಟದಲ್ಲಿ ಏನು ಓದುತ್ತಿದ್ದರು ಅನ್ನುವುದನ್ನು ನಾವು ಬೇಗ ದಾಟಿಬಿಡುತ್ತೇವೆ. ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಅದು. ಕ್ರಿಸ್ತನ ಮೇಲಿನ ನಂಬಿಕೆಯ ಮಾತು ಕಿವಿಗೆ ಬೀಳುತ್ತಿತ್ತು, ಎದೆ ತಾನಾಗಿ ಬೆಚ್ಚಗಾಯಿತು. ನಾನು ತಿರುಗಾಮುರುಗಾ ಮಾಡಿಕೊಂಡಿದ್ದೆ: ಮಾತು ಬಿಟ್ಟು ಎದೆಯನ್ನೇ ನೋಡುತ್ತಿದ್ದೆ.

ನನಗೆ ಓದಿಸಿದ ಆ ಪುಸ್ತಕ, ಲೂಥರರ ಚಿಕ್ಕ ಪ್ರಶ್ನೋತ್ತರ, 1529ರದ್ದು. ಅದಕ್ಕೆ ಸ್ವಲ್ಪ ಮುಂಚೆ ಜರ್ಮನಿಯ ಸ್ಯಾಕ್ಸನಿಯ ಚರ್ಚುಗಳನ್ನು ನೋಡಲು ಹೋಗಿದ್ದರು. ಹಳ್ಳಿಯ ಜನಕ್ಕೆ ಏನೂ ಗೊತ್ತಿಲ್ಲ, ಎಷ್ಟೋ ಪಾದ್ರಿಗಳಿಗೆ ಕಲಿಸಲೂ ಬರುವುದಿಲ್ಲ. ಮನೆಯ ಯಜಮಾನನೇ ಹೇಳಿಕೊಡಲಿ ಅಂತ ಈ ಪುಸ್ತಕ ಬರೆದರು. ಭೋಜನದ ಭಾಗದಲ್ಲಿ ಕೊನೆಗೊಂದು ಪ್ರಶ್ನೆ ಇದೆ: ಇದನ್ನು ಯೋಗ್ಯವಾಗಿ ತೆಗೆದುಕೊಳ್ಳುವವರು ಯಾರು? ಉಪವಾಸ, ದೇಹದ ಸಿದ್ಧತೆ ಇವೆಲ್ಲ ಒಳ್ಳೆಯ ಹೊರಗಿನ ಶಿಸ್ತು. ಆದರೆ ಪಾಪಗಳ ಕ್ಷಮೆಗಾಗಿ ನಿಮಗೋಸ್ಕರ ಕೊಟ್ಟದ್ದು, ಸುರಿಸಿದ್ದು ಎಂಬ ಮಾತನ್ನು ನಂಬುವವರೇ ಯೋಗ್ಯರು ಅನ್ನುತ್ತದೆ ಉತ್ತರ. ನನ್ನ ಪ್ರಶ್ನೆಪತ್ರಿಕೆಯೇ ಬದಲಾಗಿತ್ತು!

ಈ ಊಟದ ವಿಷಯದಲ್ಲಿ ಲೂಥರ್ ಹಟಮಾರಿ. ಅದೇ ವರ್ಷ ಮಾರ್ಬುರ್ಗ್‌ನಲ್ಲಿ ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿ ಜೊತೆ ಮಾತಿಗೆ ಕೂತಾಗ, ‘ಇದು ನನ್ನ ದೇಹ’ ಅಂತ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡರು. 15 ವಿಷಯಗಳಲ್ಲಿ 14ಕ್ಕೆ ಇಬ್ಬರೂ ಒಪ್ಪಿದರು. ದೇಹವೂ ರಕ್ತವೂ ನಿಜವಾಗಿ ಅಲ್ಲಿವೆಯೇ ಅನ್ನುವಲ್ಲಿ ಮಾತು ಮುರಿಯಿತು. ಒಂದಾಗಬಹುದಿತ್ತಲ್ಲ ಅಂತ ಬೇಜಾರಾಗುತ್ತದೆ, ನಿಜ. ಆದರೂ ಆ ಹಟ ನನಗೆ ಹಿಡಿಸುತ್ತದೆ. ಚರ್ಚಿನ ಪೀಠದ ಕಟಕಟೆಯ ಮುಂದೆ ಮೊಣಕಾಲೂರಿ, ಎಡಗೈ ಮೇಲೆ ಬಲಗೈ ಇಟ್ಟು ಒಡ್ಡುತ್ತೇನೆ. ತೂಕವೇ ಇಲ್ಲದ ತೆಳ್ಳನೆಯ ಬಿಳಿ ರೊಟ್ಟಿಬಿಲ್ಲೆ ಅಂಗೈಗೆ ಬೀಳುತ್ತದೆ. ಬಾಯಿಗಿಟ್ಟರೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಅನ್ನುವ ಚಿಂತೆ ಇದ್ದರೂ ಇರಬಹುದು. ಕೊಟ್ಟದ್ದು ಕೊಟ್ಟದ್ದೇ.

ಈಗ ಊರಿಗೆ ವಾಪಸ್ ಬಂದು ಅವ್ವನ ಜೊತೆ ಇದ್ದೇನೆ. ಮುಂಜಾನೆ ಎದ್ದು ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನು ನೋಡಿ ಅವಳು ಗಾಬರಿಯಾಗಿ ‘ಯಾಕೋ, ಆರ್‌ಸಿ ಆದೀ ಏನು?’ ಅಂದಿದ್ದಳು. ಆರ್‌ಸಿ ಅಂದರೆ ರೋಮನ್ ಕ್ಯಾಥೊಲಿಕ್. ಲೂಥರರೇ ಆ ಪ್ರಶ್ನೋತ್ತರದಲ್ಲಿ ಹಾಗೆ ಮಾಡಲು ಬರೆದಿದ್ದಾರೆ ಅಂತ ತೋರಿಸಬೇಕಾಯಿತು. ರಾತ್ರಿ ಪ್ರಾರ್ಥನೆ ಆದ ಮೇಲೆ ತಡಮಾಡದೆ ಖುಷಿಯಿಂದ ಮಲಗಿಬಿಡು ಅಂತಲೂ ಅಲ್ಲೇ ಇದೆ. ಮೊಬೈಲ್ ನೋಡುತ್ತ ಕೂರುವ ಮಗನ ಮೇಲೆ ಅವ್ವ ಈಗ ಅದನ್ನೇ ಪ್ರಯೋಗಿಸುತ್ತಾಳೆ.

ಗುರುವಾರದ ಸಂಜೆ ಇಬ್ಬರೂ ಹಳೆಯ ಚರ್ಚಿಗೇ ಹೋಗುತ್ತೇವೆ. ಬೇರೆ ಸಭೆಯ ಭೋಜನ ತೆಗೆದುಕೊಳ್ಳಬಾರದು ಅನ್ನುತ್ತಾರೆ ಕಟ್ಟಾ ಲೂಥರನರು. ಒಂದೇ ಮೇಜಿಗೆ ಬರುವವರ ನಂಬಿಕೆಯೂ ಒಂದೇ ಇರಬೇಕು ಅನ್ನುವುದು ಅವರ ವಾದ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಾನು ಮಾತ್ರ ಅಷ್ಟು ಕಟ್ಟಾ ಅಲ್ಲ. ವೆಸ್ಲಿಯೂ ಈ ಭೋಜನವನ್ನು ಕೃಪೆಯ ಸಾಧನ ಅಂದವರೇ ಅಲ್ವಾ? ಅವ್ವನಿಗೆ ಮೊಣಕಾಲು ನೋವು. ಕೈ ಹಿಡಿದು ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂರುತ್ತೇನೆ.

ಹೋದ ಸಲ ಮನೆಗೆ ಬಂದ ಮೇಲೆ ಆ ಉಪವಾಸದ ಉತ್ತರವನ್ನು ಅವಳಿಗೆ ಓದಿ ಹೇಳಿದೆ. ಈಸ್ಟರ್‌ಗೆ ಮುಂಚಿನ ಲೆಂಟ್ ಎಂಬ ಉಪವಾಸದ ಕಾಲವಿಡೀ ಒಪ್ಪೊತ್ತು ಇರುವವಳು ಅವಳು.

‘ಅಂದ್ರ ಉಪಾಸ ಬ್ಯಾಡ ಅಂತಾನೇನು ನಿಮ್ಮ ಲೂಥರ?’

‘ಬ್ಯಾಡ ಅಂದಿಲ್ಲ ಯವ್ವಾ, ಛಲೋದು ಅಂತನ ಬರದಾನ.’

‘ಹಂಗಾರ ನಾಳೆ ಮುಂಜಾನೆ ಚಾ ಕೇಳಬ್ಯಾಡ.’